ಮೈದಾನದಲ್ಲಿ ಉಳಿದವರ ಜೊತೆಗೆ ಸುಹಾಸಿನಿ

ಖಾನಾಪುರದ ಕಾಲೇಜು ಮೈದಾನದಲ್ಲಿ ಬೆಳಗಿನ ಮಂಜು ಇನ್ನೂ ಕರಗಿಲ್ಲ. ನೀರಿನ ಟ್ಯಾಂಕರ್ ಒಂದು ಸುತ್ತು ಹಾಕಿ ಕೆಂಪು ಧೂಳನ್ನು ತೋಯಿಸಿ ಹೋಗಿದೆ. ಸುಣ್ಣದ ಪುಡಿಯಲ್ಲಿ ಎಳೆದ ದೊಡ್ಡ ವೃತ್ತದ ಹೊರಗೆ, ಹಗ್ಗದ ಈಚೆ, ಒಂದಿಷ್ಟು ಜನ ಕತ್ತೆತ್ತಿ ನಿಂತಿದ್ದಾರೆ. ಮೊದಲು ಸದ್ದು ಬರುತ್ತದೆ. ಎಲ್ಲಿಂದ ಬರುತ್ತಿದೆ ಎಂಬುದು ಯಾರಿಗೂ ತಿಳಿಯುತ್ತಿಲ್ಲ. ಒಬ್ಬರು ಲೋಂಡಾ ಕಡೆ ಕೈ ತೋರಿಸಿದರೆ ಇನ್ನೊಬ್ಬರು ಬೆಳಗಾವಿ ಕಡೆ ತೋರಿಸುತ್ತಾರೆ. ಎಲ್ಲರೂ ಆಕಾಶ ನೋಡುತ್ತಿರುವಾಗ ಒಬ್ಬ ಹೆಂಗಸು ಮಾತ್ರ ಜನರ ಮುಖ ನೋಡುತ್ತಾ ಹಗ್ಗದ ಉದ್ದಕ್ಕೂ ನಡೆಯುತ್ತಿದ್ದಾರೆ. ಗುಂಪಿನಲ್ಲಿ ರೋಗಿಯ ಕಡೆಯವರು ಯಾರು, ಸುಮ್ಮನೆ ನೋಡಲು ಬಂದವರು ಯಾರು ಎಂದು ಅವರು ಹುಡುಕುತ್ತಿದ್ದಾರೆ.

ಕಣಕುಂಬಿ ಕಡೆಯ ಕಾಡಿನೊಳಗಿನ ಒಂದು ವಾಡಿಯಿಂದ ನಸುಕಿನಲ್ಲೇ ಬಾಣಂತಿಯೊಬ್ಬಳನ್ನು ತಂದಿದ್ದಾರೆ. ಹೆರಿಗೆಯಾದ ಮೇಲೆ ರಕ್ತ ನಿಂತಿಲ್ಲ. ಕೂಸು ಅತ್ತೆಯ ಮಡಿಲಲ್ಲಿದೆ. ಹೆಲಿಕಾಪ್ಟರ್ ಇಳಿಯುತ್ತದೆ, ಹಸಿ ಮಣ್ಣಿನ ಹೆಂಟೆಗಳು ಸಿಡಿಯುತ್ತವೆ, ಬಾಣಂತಿಯ ಗಂಡನ ಚಪ್ಪಲಿ ಒಂದು ಹಾರಿ ಬೇಲಿಗೆ ಹೋಗಿ ಬೀಳುತ್ತದೆ. ಸ್ಟ್ರೆಚರ್ ಎತ್ತುವವರನ್ನು ಆ ಹೆಂಗಸು ಕೈ ಅಡ್ಡ ಹಿಡಿದು ನಿಲ್ಲಿಸುತ್ತಾರೆ. ಗಂಡನ ರಟ್ಟೆ ಹಿಡಿದು ಎಳೆದು ತಂದು, ಅವಳ ಮುಖ ತೋರಿಸಿ, "ಮಾರಿ ನೋಡ್ರಿ. ಛಂದಂಗ ನೋಡ್ರಿ. ಇವರ ಹೌದಲ್ಲ?" ಎನ್ನುತ್ತಾರೆ. ಅವನು ತಲೆಯಾಡಿಸುತ್ತಾನೆ. "ಬಾಯಿಲೆ ಹೇಳ್ರಿ." "ಹೌದ್ರಿ, ನನ್ನ ಹೇಣ್ತಿ," ಎನ್ನುತ್ತಾನೆ. ಸ್ಟ್ರೆಚರ್ ಮುಂದೆ ಹೋಗುತ್ತದೆ.

ಹೆಲಿಕಾಪ್ಟರ್ ಮರಗಳ ಮೇಲಕ್ಕೆ ಏರಿ ಮಂಜಿನಲ್ಲಿ ಮರೆಯಾದ ಮೇಲೆ ಮೈದಾನದಲ್ಲಿ ಗಂಡ ಒಂದೇ ಚಪ್ಪಲಿಯಲ್ಲಿ ನಿಂತಿದ್ದಾನೆ. "ಎಲ್ಲಿ ಒಯ್ದ್ರಿ?" ಎಂದು ಕೇಳುತ್ತಾನೆ. ಯಾರನ್ನು ಕೇಳುತ್ತಿದ್ದಾನೆ ಎಂಬುದು ಅವನಿಗೇ ಗೊತ್ತಿಲ್ಲ. ಹೆಂಗಸು ಬೇಲಿಯಿಂದ ಇನ್ನೊಂದು ಚಪ್ಪಲಿ ತಂದು ಅವನ ಕಾಲ ಬಳಿ ಇಡುತ್ತಾರೆ.

"ಬೆಳಗಾವಿಗಿ ಒಯ್ದಾರ. ನಾವೂ ಹೋಗೂಣು. ಗಾಡಿ ಐತಿ, ಬರ್ರಿ. ಅಮ್ಮಾರ, ಕೂಸಿಗಿ ಗಾಳಿ ಬಡೀತದ, ಸೆರಗ ಹೊಚ್ಚ್ರಿ."

ಇವರು ಸುಹಾಸಿನಿ ಭೀಮಗೊಂಡ ಪಾಟೀಲ. ಬೆಳಗಾವಿಯ ಒಂದು ಸೇವಾ ಟ್ರಸ್ಟ್ ನಡೆಸುವ ತುರ್ತು ಹೆಲಿಕಾಪ್ಟರ್ ತಂಡದಲ್ಲಿ ಕೆಲಸ ಮಾಡುತ್ತಾರೆ. ಪೈಲಟ್, ವೈದ್ಯೆ, ನರ್ಸ್ ಇವರ ಫೋಟೋಗಳು ಆಗಾಗ ಪತ್ರಿಕೆಯಲ್ಲಿ ಬರುತ್ತವೆ. ಸುಹಾಸಿನಿ ಫೋಟೋದಲ್ಲಿ ಇರುವುದಿಲ್ಲ. ಹೆಲಿಕಾಪ್ಟರಿನಲ್ಲಿ ರೋಗಿಯ ಮನೆಯವರಿಗೆ ಜಾಗವಿಲ್ಲ. ಹಾಗೆ ನೆಲದ ಮೇಲೆ ಉಳಿದವರನ್ನು ರಸ್ತೆಯಲ್ಲಿ ಕರೆದುಕೊಂಡು ಹೋಗಿ ಅವರವರ ರೋಗಿಯ ಬಾಗಿಲಿಗೆ ಮುಟ್ಟಿಸುವುದು ಇವರ ಕೆಲಸ.

ಕೆಲಸದ ಹೆಸರೇನು ಎಂದು ಕೇಳಿದರೆ ಕೊರಳಿನ ಗುರುತಿನ ಚೀಟಿಯನ್ನು ತಿರುಗಿಸಿ ನೋಡಿಕೊಳ್ಳುತ್ತಾರೆ. "ಇದರಾಗ 'ಸಹಾಯಕಿ' ಅಂತ ಬರದಾರ. ಯಾರಿಗಿ ಸಹಾಯಕಿ ಅಂತ ಬರದಿಲ್ಲ ನೋಡ್ರಿ." ಖಾನಾಪುರದ ಜನ ಮಾತ್ರ ಇವರಿಗೆ ಹೆಸರಿಟ್ಟಿದ್ದಾರೆ. ಕನ್ನಡದವರಿಗೆ 'ಹೆಲಿಕಾಪ್ಟರ್ ಅಕ್ಕಾರ', ಮರಾಠಿಯವರಿಗೆ 'ಹೆಲಿಕಾಪ್ಟರ್ ಬಾಯಿ'. ಈ ಹೆಲಿಕಾಪ್ಟರ್ ಬಾಯಿ ಇಂದಿನವರೆಗೂ ಹೆಲಿಕಾಪ್ಟರ್ ಹತ್ತಿಲ್ಲ. ಒಮ್ಮೆ ಪೈಲಟ್ ತಾವಾಗಿಯೇ ಕರೆದಿದ್ದರಂತೆ. "ಒಲ್ಲೆ ಅಂದ್ನಿ. ನನಗ ಬಸ್ಸಿನ್ಯಾಗೇ ವಾಂತಿ ಆಗ್ತದ," ಎಂದು ನಗುತ್ತಾರೆ.

ಖಾನಾಪುರದಿಂದ ಬೆಳಗಾವಿಗೆ ದೂರವೇನಿಲ್ಲ, ಇದಕ್ಕೆ ಹೆಲಿಕಾಪ್ಟರ್ ಯಾಕೆ ಎಂಬ ಗೊಂದಲ ನನಗೂ ಇತ್ತು. ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತಾಗ ಅದು ಸ್ವಲ್ಪ ತಿಳಿಯಾಯಿತು. ಪಶ್ಚಿಮದ ಕಾಡಿನ ಊರುಗಳಿಂದ ಖಾನಾಪುರ ಮುಟ್ಟುವಷ್ಟರಲ್ಲೇ ರೋಗಿಯ ಅರ್ಧ ಜೀವ ಹೋಗಿರುತ್ತದೆ. ಅಲ್ಲಿಂದ ಮುಂದೆ ಎಲ್ಲಿ ಹಾಸಿಗೆ ಸಿಗುತ್ತದೋ ಅಲ್ಲಿಗೆ ಹಾರಬೇಕು. ಬೆಳಗಾವಿಯೇ ಆಗಬೇಕೆಂದಿಲ್ಲ, ಹುಬ್ಬಳ್ಳಿಯೂ ಆಗಬಹುದು. ಮೋಡ ಅಡ್ಡ ಬಂದರೆ ಹಾರಿದ ಮೇಲೂ ದಿಕ್ಕು ಬದಲಾಗುತ್ತದೆ. ಒಮ್ಮೆ ಸುಹಾಸಿನಿ ಒಂದು ಕುಟುಂಬವನ್ನು ಬೆಳಗಾವಿಯ ಹೊಸ್ತಿಲವರೆಗೆ ತಂದ ಮೇಲೆ ಫೋನ್ ಬಂತು: ರೋಗಿ ಹುಬ್ಬಳ್ಳಿಯಲ್ಲಿದ್ದಾರೆ. "ಗಾಡಿ ಹೊಳ್ಳಿಸಿದ್ವಿ. ಕಿತ್ತೂರ ದಾಟೂತನಕ ಆ ಮುದುಕ ನನ್ನ ಕೂಡ ಒಂದ ಮಾತ ಆಡಲಿಲ್ಲ. ನಾ ಅಂವನ್ನ ಮೋಸ ಮಾಡಾಕತ್ತೀನಿ ಅಂತ ತಿಳದಿದ್ದ."

ಸುಹಾಸಿನಿಯವರ ತವರು, ಗಂಡನ ಮನೆ ಎರಡೂ ಬೆಳಗಾವಿ ಸುತ್ತಿನ ಹಳೆಯ ಜೈನ ಮನೆತನಗಳು. ಈಗ ರಾಮತೀರ್ಥ ನಗರದಲ್ಲಿ ಗಂಡ ಭೀಮಗೊಂಡ ಹಿಟ್ಟಿನ ಗಿರಣಿ ನಡೆಸುತ್ತಾರೆ. ಮಗಳು ಅನುಜಾ ಕಾಲೇಜಿಗೆ ಹೋಗುತ್ತಾಳೆ. ಸುಹಾಸಿನಿ ಮೊದಲು ರವಿವಾರ ಪೇಟೆಯ ಸಗಟು ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದರು. ಹೆಲಿಕಾಪ್ಟರ್ ಸೇವೆ ಸುರುವಾದಾಗ ಪರಿಚಯದವರೊಬ್ಬರು ಇಲ್ಲಿಗೆ ಸೇರಿಸಿದರು. ಆಗ ಇದ್ದ ಕೆಲಸವೇ ಬೇರೆ. ಸ್ಟ್ರೆಚರಿನ ಹೊದಿಕೆ ಒಗೆಯುವುದು, ಕಂಬಳಿ ಮಡಚುವುದು.

ಸೇವೆಯ ಮೊದಲ ದಿನಗಳಲ್ಲೇ ಹಾವು ಕಡಿದ ಹುಡುಗಿಯೊಬ್ಬಳನ್ನು ಇದೇ ಮೈದಾನದಿಂದ ಒಯ್ದಿದ್ದರು. ಹೆಲಿಕಾಪ್ಟರ್ ಹೋಯಿತು, ಜನ ಚದುರಿದರು, ಆಂಬುಲೆನ್ಸ್ ಹೋಯಿತು. ಸುಹಾಸಿನಿ ಕಂಬಳಿ ಮಡಚಿ ಎದ್ದು ನೋಡಿದರೆ ಸುಣ್ಣದ ವೃತ್ತದ ನಡುವೆ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕುಳಿತಿದ್ದ. ಹುಡುಗಿಯ ಅಪ್ಪ. ಮಗಳನ್ನು ಯಾವ ಊರಿಗೆ ಒಯ್ದರು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಆ ಸದ್ದಿನಲ್ಲಿ ಕೇಳಿಸಿರಲಿಲ್ಲ. "ಇಲ್ಲೇ ಹೊಳ್ಳಿ ತಂದ ಬಿಡ್ತಾರ ಅಂತ ಕುಂತಿದ್ದರಿ ಅಂವ," ಎನ್ನುತ್ತಾರೆ ಸುಹಾಸಿನಿ. ಕಂಬಳಿಗಳನ್ನು ಅಲ್ಲೇ ಬಿಟ್ಟು ಅವನನ್ನು ಕೆಂಪು ಬಸ್ಸಿನಲ್ಲಿ ಬೆಳಗಾವಿಗೆ ಕರೆದೊಯ್ದರು. ಮರುದಿನ ಕಂಬಳಿ ಬಿಟ್ಟು ಹೋಗಿದ್ದಕ್ಕೆ ಬೈಸಿಕೊಂಡರು. ಅದರ ಮರುವಾರ ಟ್ರಸ್ಟ್ ಒಂದು ಹಳೆಯ ಜೀಪು ಕೊಟ್ಟು, "ಇದನ್ನ ನೀವ ಮಾಡ್ರಿ," ಎಂದಿತು.

ಸೂರ್ಯ ಮುಳುಗುವ ಮೊದಲು ಊಟ ಮುಗಿಸುವುದು ಇವರ ಮನೆಯ ನೇಮ. ಇವರ ಹೆಲಿಕಾಪ್ಟರ್ ಕೂಡ ಕತ್ತಲಾದ ಮೇಲೆ ಹಾರುವುದಿಲ್ಲ. "ಅದೂ ನಮ್ಮ ಪೈಕಿನ ಐತ್ರಿ, ಹೊತ್ತ ಮುಳಗಿದ ಮ್ಯಾಲ ಏನೂ ಮಾಡೂದಿಲ್ಲ," ಎಂದು ಭೀಮಗೊಂಡ ಚೇಷ್ಟೆ ಮಾಡುತ್ತಾರೆ. ಆದರೆ ಹೆಲಿಕಾಪ್ಟರ್ ಇಳಿದರೂ ಹೆಂಡತಿಯ ಜೀಪು ರಸ್ತೆಯಲ್ಲೇ ಇರುತ್ತದೆ. ಆ ದಿನಗಳಲ್ಲಿ ಅವರು ಉಪವಾಸ ಮಲಗುತ್ತಾರೆ. ಗಂಡ ಈಗ ಜೀಪಿನಲ್ಲಿ ಒಂದು ಡಬ್ಬಿ ಚುರುಮುರಿ ಇಡಿಸಿದ್ದಾರೆ. ಅದನ್ನೂ ಹೆಚ್ಚಾಗಿ ರೋಗಿಯ ಕಡೆಯವರೇ ತಿನ್ನುತ್ತಾರೆ.

ಮಾತು ಹೀಗೆ ಸಾಗುತ್ತಿರುವಾಗ ನಾನು ಬೆಳಿಗ್ಗೆ ಕಂಡದ್ದನ್ನು ಕೇಳುತ್ತೇನೆ. ಒಂದು ಕ್ಷಣವೂ ವ್ಯರ್ಥವಾಗಬಾರದ ಹೊತ್ತಿನಲ್ಲಿ ಸ್ಟ್ರೆಚರ್ ನಿಲ್ಲಿಸಿ, ಮುಖ ತೋರಿಸಿ, ಇವರೇ ಹೌದೇ ಎಂದು ಕೇಳಿದ್ದು ಯಾಕೆ? ಸುಹಾಸಿನಿ ಹೋದ ವರ್ಷದ ಮಳೆಗಾಲದ ಕಥೆ ಹೇಳುತ್ತಾರೆ. ಹೇಳುವಾಗ ಎರಡು ಸಲ ನಿಲ್ಲಿಸಿ, "ತಡೀರಿ, ನನಗ ಗೊಂದಲ ಆಗ್ತದ," ಎಂದು ಮೊದಲಿನಿಂದ ಹೇಳುತ್ತಾರೆ.

ಅಂದು ಬೆಳಿಗ್ಗೆ ಖಾನಾಪುರದಿಂದ ಹಂಚು ತುಂಬಿಕೊಂಡು ಜಾಂಬೋಟಿ ಕಡೆ ಹೊರಟ ಟೆಂಪೋ ತಿರುವಿನಲ್ಲಿ ಮಗುಚಿತು. ಹಿಂದೆ ಹಂಚಿನ ಮೇಲೆ ಕುಳಿತಿದ್ದ ಇಬ್ಬರು ಹುಡುಗರಿಗೆ ಜೋರು ಪೆಟ್ಟಾಯಿತು. ಇಬ್ಬರೂ ಒಂದೇ ಹಂಚಿನ ಕಾರ್ಖಾನೆಯ ಹಮಾಲರು, ಒಂದೇ ವಾರಿಗೆಯವರು, ಮೈಮೇಲೆ ಕಾರ್ಖಾನೆ ಕೊಟ್ಟ ಒಂದೇ ಬಣ್ಣದ ನೀಲಿ ಅಂಗಿ. ಒಬ್ಬ ಖಾನಾಪುರ ಪಟ್ಟಣದ ಚೇತನ, ನಿಂಗವ್ವ ಎಂಬ ವಿಧವೆಯ ಮಗ. ಇನ್ನೊಬ್ಬ ಜಾಂಬೋಟಿ ಬಳಿಯ ಹಳ್ಳಿಯ ಆಕಾಶ ಗಾವಡೆ. ಅವನ ಮನೆಮಾತು ಮರಾಠಿ. ಟೆಂಪೋ ಡ್ರೈವರ್ ಹೆದರಿ ಕಾಡಿಗೆ ಓಡಿಹೋಗಿದ್ದರಿಂದ ಯಾರು ಚೇತನ, ಯಾರು ಆಕಾಶ ಎಂದು ಹೇಳುವವರು ಇರಲಿಲ್ಲ. ಇಬ್ಬರ ಮುಖವೂ ರಕ್ತ, ಕೆಂಪು ಕೆಸರು ಮೆತ್ತಿ ಬಾತುಹೋಗಿತ್ತು.

ದಾರಿಹೋಕರು ಅವರನ್ನು ಎತ್ತಿ ಆಂಬುಲೆನ್ಸಿಗೆ ಹಾಕುವಾಗ ರಸ್ತೆಯ ಮೇಲೆ ಒಂದು ಬೆಳ್ಳಿಯ ಕರಡಿಗೆ ಬಿದ್ದಿತ್ತು. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಳ್ಳುವ ಆ ಪುಟ್ಟ ಕರಡಿಗೆಯ ಶಿವದಾರ ಹರಿದಿತ್ತು. ಯಾರೋ ಪುಣ್ಯಾತ್ಮರು ಅದನ್ನು ಎತ್ತಿ, ಹೆಚ್ಚು ಪೆಟ್ಟಾದ ಹುಡುಗನ ಅಂಗಿಯ ಕಿಸೆಗೆ ಹಾಕಿದರು. ಪಾಪ, ಇವನದೇ ಇರಬೇಕು, ಇವನಿಗೇ ಈಗ ಬೇಕು ಎಂದುಕೊಂಡಿರಬೇಕು.

ಆಂಬುಲೆನ್ಸ್ ನೇರ ಮೈದಾನಕ್ಕೆ ಬಂತು. ಹೆಲಿಕಾಪ್ಟರಿನ ವೈದ್ಯೆ ಮೇಘಾ ಇಬ್ಬರನ್ನೂ ಅಲ್ಲೇ ಪರೀಕ್ಷಿಸಿದರು. ಒಬ್ಬನಿಗೆ ತಲೆಗೆ ಪೆಟ್ಟು, ಎಚ್ಚರ ತಪ್ಪುತ್ತಿತ್ತು. ಹೆಲಿಕಾಪ್ಟರಿನಲ್ಲಿದ್ದದ್ದು ಒಂದೇ ಹಾಸಿಗೆ. ಅದು ಅವನಿಗೆ. ಇನ್ನೊಬ್ಬನಿಗೆ ಕಾಲು, ಭುಜ ಮುರಿದಿದ್ದವು. ನೋವಿಗೆ ಇಂಜೆಕ್ಷನ್ ಕೊಟ್ಟದ್ದರಿಂದ ಅವನೂ ಮಂಪರಿನಲ್ಲಿದ್ದ. ಅವನು ಆಂಬುಲೆನ್ಸಿನಲ್ಲಿ ರಸ್ತೆ ಮೂಲಕ.

ಅಂಗಿ ಕತ್ತರಿಸಿದಾಗ ಸಿಕ್ಕ ವಸ್ತುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸುಹಾಸಿನಿ ಕೈಗೆ ಕೊಡುವುದು ರೂಢಿ. ಅಂದೂ ಕೊಟ್ಟರು. ಅಷ್ಟರಲ್ಲಿ ಸುದ್ದಿ ಕೇಳಿ ಓಡಿಬಂದ ನಿಂಗವ್ವ ಹಗ್ಗದ ಆಚೆಯಿಂದಲೇ ಆ ಚೀಲ ನೋಡಿದರು. "ಯವ್ವಾ, ನನ್ನ ಚೇತನಂದ ಕರಡಗಿ! ನನ್ನ ಮಗಾ ಅದಾನ ಅದರಾಗ!" ಎಂದು ಕೂಗಿ ನೆಲಕ್ಕೆ ಕುಸಿದರು. ಹೆಲಿಕಾಪ್ಟರ್ ಎದ್ದಿತು. ಒಳಗೆ ಇರುವವನ ಹೆಸರು ಚೇತನ ಎಂದಾಯಿತು. ಯಾರೂ ಸುಳ್ಳು ಹೇಳಿರಲಿಲ್ಲ.

ಆಂಬುಲೆನ್ಸ್ ಹೊರಡುವ ಹೊತ್ತಿಗೆ ಆಕಾಶನ ತಂದೆ ಮಷ್ಣು ಗಾವಡೆ ಯಾರದೋ ಬೈಕಿನಲ್ಲಿ ಬಂದು ಇಳಿದರು. ಜನ ಅವರಿಗೆ ಹೇಳಿದರು: ನಿನ್ನ ಮಗನಿಗೆ ಕಾಲು ಮುರಿದಿದೆ ಅಷ್ಟೆ, ಗಟ್ಟಿ ಇದ್ದಾನೆ. ಆ ಇನ್ನೊಬ್ಬ ಹುಡುಗನದೇ ಕಷ್ಟ. ಮಷ್ಣು ದೇವರಿಗೆ ಕೈಮುಗಿದು ಆಂಬುಲೆನ್ಸ್ ಡ್ರೈವರ್ ಕರೆಪ್ಪನ ಪಕ್ಕ ಮುಂದಿನ ಸೀಟಿನಲ್ಲಿ ಕುಳಿತರು. ಹಿಂದೆ ತಿರುಗಿ ನೋಡಿದಾಗ ಕಂಡದ್ದು ಮುಖದ ಗಾಯಕ್ಕೆ ಬ್ಯಾಂಡೇಜು ಸುತ್ತಿದ ತಲೆ.

ಜೀಪಿನಲ್ಲಿ ನಿಂಗವ್ವ ದಾರಿಯುದ್ದಕ್ಕೂ ಕರಡಿಗೆಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದಿದ್ದರು. ಅವರಿಗೆ ಒಂದೇ ಚಿಂತೆ ಹತ್ತಿತ್ತು. "ಮೈಮ್ಯಾಲ ಲಿಂಗ ಇಲ್ಲದ ಹೋಗ್ಯಾನ. ನಾ ಅದನ್ನ ಕಟ್ಟಬೇಕು. ಕಟ್ಟಾಕ ಬಿಡ್ತಾರಿಲ್ಲ ತಂಗಿ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಬಿಡಿಸುತ್ತೇನೆ ಎಂದು ಸುಹಾಸಿನಿ ಮಾತು ಕೊಟ್ಟರು.

ಆಸ್ಪತ್ರೆಯಲ್ಲಿ ಹುಡುಗನನ್ನು ಆಪರೇಷನ್ನಿಗೆ ಒಯ್ಯಲು ಸಿದ್ಧ ಮಾಡಿದ್ದರು. ಸುಹಾಸಿನಿ ಬೇಡಿಕೊಂಡದ್ದಕ್ಕೆ ಒಂದು ಗಳಿಗೆ ಒಳಗೆ ಬಿಟ್ಟರು. ಕೊರಳಿಗೆ ಪಟ್ಟಿ ಹಾಕಿದ್ದರಿಂದ, ಕಟ್ಟುವುದಾದರೆ ಕೈಗೆ ಕಟ್ಟಿರಿ ಎಂದರು ನರ್ಸ್. ನಿಂಗವ್ವ ಮಗನ ಕೈಯನ್ನು ಎತ್ತಿ ತಮ್ಮ ಅಂಗೈಯಲ್ಲಿ ಇಟ್ಟುಕೊಂಡರು. ದಾರ ಸುತ್ತಲು ಹೋದವರು ಹಾಗೇ ನಿಂತರು.

"ಇದು ನನ್ನ ಮಗನ ಕೈ ಅಲ್ಲ."

ಚೇತನನ ಹೆಬ್ಬೆರಳಿಗೆ ಉಗುರಿಲ್ಲ, ಹಂಚಿನ ಅಚ್ಚಿನಲ್ಲಿ ಸಿಕ್ಕು ಹೋಗಿತ್ತು, ಇವನಿಗೆ ಐದೂ ಉಗುರು ಇವೆ ಎಂದರು. ನರ್ಸ್ ಸಮಾಧಾನದ ದನಿಯಲ್ಲಿ, "ಯಾವ ಕೈದು ಅಮ್ಮಾ? ಎಡಗೈದೋ, ಬಲಗೈದೋ?" ಎಂದು ಕೇಳಿದರು. ನಿಂಗವ್ವ ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ಒಂದಾದ ಮೇಲೊಂದು ನೋಡಿಕೊಂಡರು. ಹುಡುಗನ ಇನ್ನೊಂದು ಕೈ ಬೆರಳ ತುದಿಯವರೆಗೂ ಬ್ಯಾಂಡೇಜಿನಲ್ಲಿತ್ತು. "ಗಾಬರಿಯಾಗ್ಯಾರ, ಹೊರಗ ಕರಕೊಂಡ ಹೋಗ್ರಿ," ಎಂದರು ಒಬ್ಬ ವೈದ್ಯರು. ಹೆಸರು ಏನೇ ಇರಲಿ, ಇವನನ್ನು ಕಾಯಿಸುವಂತಿಲ್ಲ ಎಂದು ಇಬ್ಬರು ವೈದ್ಯರೇ ಸಹಿ ಹಾಕಿ ಒಳಗೆ ಒಯ್ದರು. ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನ ಮೇಲೆ ಕುಳಿತ ನಿಂಗವ್ವನ ಸ್ಥಿತಿಯನ್ನು ಸುಹಾಸಿನಿಗೆ ಇಂದಿಗೂ ಮಾತಿನಲ್ಲಿ ಹೇಳಲು ಬರುವುದಿಲ್ಲ. ಕರಡಿಗೆ ನೋಡಿದರೆ ಒಳಗಿರುವವನು ಮಗ, ಕೈ ನೆನಪಿಸಿಕೊಂಡರೆ ಅಲ್ಲ. ಹೆತ್ತ ತಾಯಿಗೆ ಮಗನ ಕೈ ಯಾವುದು ಎಂದು ನೆನಪಾಗುತ್ತಿಲ್ಲವೆಂಬ ನಾಚಿಕೆ ಬೇರೆ.

"ಅಂವ ಉಣ್ಣೂ ಮುಂದ ನೋಡೀನಿ, ಎಷ್ಟ ಸರ್ತಿ ನೋಡೀನಿ. ಈಗ ನೆನಪಾಗವಲ್ದು ತಂಗಿ. ಅಂವ ನನ್ನ ಮಗಾ ಹೌದೋ ಅಲ್ಲೋ? ನೀನರೆ ಹೇಳ."

"ನಾ ಏನಂತ ಹೇಳ್ಲಿರಿ?" ಎಂದು ಸುಹಾಸಿನಿ ನನ್ನನ್ನು ಕೇಳುತ್ತಾರೆ. "ಅಲ್ಲ ಅಂದ್ರ ಆಕೀಗಿ ಆಸೆ ಹಚ್ಚಿದಂಗ. ಹೌದು ಅಂದ್ರ ಆಸೆ ಮುರದಂಗ. ನನಗ ಖರೇನ ಗೊತ್ತಿರಲಿಲ್ಲ. ಅದನ್ನ ಹೇಳಿದ್ನಿ. 'ನನಗೂ ತಿಳೀವಲ್ದು ಮಾವಶಿ. ಕುಂದರ್ರಿ, ಕೇಳೂಣು' ಅಂದ್ನಿ."

ಕೇಳಲು ಇದ್ದವನು ಕರೆಪ್ಪ ಒಬ್ಬನೇ. ಅವನ ಫೋನ್ ಹತ್ತುತ್ತಿರಲಿಲ್ಲ. ಮೊದಲು ಹೋದ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಅವನು ಗಾಡಿ ತಿರುಗಿಸಿಕೊಂಡು ಹಿಂದವಾಡಿ ಕಡೆಯ ಇನ್ನೊಂದು ಆಸ್ಪತ್ರೆಗೆ ಹೋಗಿದ್ದ. ಕೊನೆಗೆ ಹತ್ತಿದಾಗ ಸುಹಾಸಿನಿ ಕೇಳುವ ಮೊದಲೇ ಅವನು ಹೇಳಿದ.

"ಅಕ್ಕಾರ, ಇಲ್ಲಿ ಒಂದ ನಮೂನಿ ಆಗೇತ್ರಿ. ಹುಡುಗಗ ಎಚ್ಚರ ಬಂದೈತಿ. ಒಳಗ ಮಲಕೊಂಡ 'ಅವ್ವಾ, ಅವ್ವಾ' ಅನ್ನಾಕತ್ತಾನ. ಈ ಕಾಕಾ ನೋಡಿದ್ರ ಮರಾಠಿಯವರು. ನನ್ನ ಮಗಾ 'ಆಯಿ' ಅಂತಾನ, ಈಗ್ಯಾಕ 'ಅವ್ವಾ' ಅನ್ನಾಕತ್ತಾನ ಅಂತ ನನಗ ಕೇಳಾಕತ್ತಾರ. ತಲಿಗಿ ಪೆಟ್ಟ ಬಿದ್ದ ಭಾಷಾ ಬದಲ ಆಗ್ತದೇನ್ರಿ?"

ಸುಹಾಸಿನಿ ಫೋನನ್ನು ನಿಂಗವ್ವನ ಕಿವಿಗೆ ಹಿಡಿದರು. ಕರೆಪ್ಪ ಅಲ್ಲಿ ವಾರ್ಡಿನ ಬಾಗಿಲ ಸಂದಿಗೆ ಫೋನ್ ಹಿಡಿದಿದ್ದ. ಏನು ಕೇಳಿಸಿತೋ, ನಿಂಗವ್ವ ಎದ್ದು ನಿಂತರು.

ಹಿಂದವಾಡಿಗೆ ಆಟೋದಲ್ಲಿ ಹೋಗುವಾಗ ನಿಂಗವ್ವ ಅಳುತ್ತಿದ್ದರು, ನಡುವೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಸುಹಾಸಿನಿ ಮಾತ್ರ ಬೇರೆಯದನ್ನೇ ಯೋಚಿಸುತ್ತಿದ್ದರು. ಇವರ ಮಗ ಅಲ್ಲಿದ್ದರೆ ಇಲ್ಲಿ ತಲೆ ಕೊಯ್ಯಿಸಿಕೊಳ್ಳುತ್ತಿರುವವನು ಆ ಮನುಷ್ಯನ ಮಗ. ಅದನ್ನು ಹೇಳುವವರು ಯಾರು?

ಆಸ್ಪತ್ರೆಯ ಹೊರಗೆ ಮಷ್ಣು ಗಾವಡೆ ಕೈಯಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದರು. ಇವರನ್ನು ಕಂಡ ಕೂಡಲೇ ನಿಂಗವ್ವನ ಹತ್ತಿರ ಬಂದು, ನಿಮ್ಮ ಮಗ ಹೇಗಿದ್ದಾನೆ ಎಂದು ಮರಾಠಿಯಲ್ಲಿ ಕೇಳಿದರು. ಬೆಳಿಗ್ಗೆ ಮೈದಾನದಲ್ಲಿ ಕುಸಿದು ಕುಳಿತಿದ್ದ ತಾಯಿ ಇವರೇ ಎಂದು ಅವರಿಗೆ ನೆನಪಿತ್ತು. ನಿಂಗವ್ವ ಉತ್ತರಿಸದೆ ಅವರನ್ನು ದಾಟಿ ಒಳಗೆ ಓಡಿದರು.

ಸುಹಾಸಿನಿ ಮರಾಠಿಯಲ್ಲಿ ಹೇಳಿದರು. ಮಷ್ಣುವಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದರು. "ಇಲ್ಲ ಇಲ್ಲ, ನನ್ನ ಮಗನಿಗೆ ಕಾಲು ಅಷ್ಟೇ," ಎಂದರು ಅವರು, ಸುಹಾಸಿನಿಗೇ ತಿಳಿಹೇಳುವವರಂತೆ. "ನೀವು ಆ ಅಮ್ಮನಿಗೆ ಹೇಳಬೇಕಾದ್ದನ್ನು ನನಗೆ ಹೇಳುತ್ತಿದ್ದೀರಿ." ಒಳಗಿನಿಂದ ತಾಯಿ ಮಗ ಇಬ್ಬರೂ ಅಳುವುದು ಕೇಳಿಸಿತು. ಮಷ್ಣು ಆ ಕಡೆ ನೋಡಿದರು. ಲೋಟವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕೊನೆಗೆ ಕರೆಪ್ಪನ ಕೈಗೆ ಕೊಟ್ಟರು. "ನಾನು ಬಿಸ್ಕೀಟು ಕೂಡ ತಿಂದೆ," ಎಂದರು.

ಆಮೇಲೆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಹೆಲಿಕಾಪ್ಟರಿನಲ್ಲಿ ಒಯ್ದದ್ದು ನನ್ನ ಮಗನನ್ನೇ ಆಗಿದ್ದರೆ ನನ್ನನ್ನು ಇಲ್ಲಿಗೆ ಯಾಕೆ ತಂದಿರಿ ಎಂದು ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ.

ಆಗ ನಿಂಗವ್ವ ಹೊರಗೆ ಬಂದರು. ಕೈ ಬರಿದಾಗಿತ್ತು, ಕರಡಿಗೆ ಮಗನಿಗೆ ಕಟ್ಟಿ ಬಂದಿದ್ದರು. ಮಷ್ಣುವಿನ ಮುಂದೆ ಬಾಗಿ, ತಮ್ಮ ಕನ್ನಡದಲ್ಲೇ ಹೇಳಿದರು.

"ಏಳ್ರಿ ಅಣ್ಣಾರ. ನಾ ಅದೀನಿ, ನಡ್ರಿ. ನಿಮ್ಮ ಮಗನ್ನ ನಾ ನೋಡೀನಿ. ಕೈ ಬೆಚ್ಚಗಿತ್ತು. ಐದೂ ಉಗುರು ಛಂದ ಅದಾವು. ನಾ ತೋರಸ್ತೀನಿ, ಬರ್ರಿ."

"ನಿಮ್ಮ ಮಗಾ?" ಎಂದು ಮಷ್ಣು ಒಡಕು ಕನ್ನಡದಲ್ಲಿ ಕೇಳಿದರು.

"ಅಂವಗ ಹೇಳಿ ಬಂದೀನಿ. ಕಾಲ ಮುರದೈತಿ, ಎಲ್ಲಿ ಓಡಿ ಹೋಗ್ತಾನ?"

ಮೂವರೂ ಆಟೋ ಹತ್ತಿದರು. ಇಳಿಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಆಪರೇಷನ್ ಕೋಣೆಯ ಮುಂದಿನ ಬೆಂಚಿನ ಮೇಲೆ ಕುಳಿತರು. ನಿಂಗವ್ವ ಕನ್ನಡದಲ್ಲಿ ಏನೋ ಹೇಳುತ್ತಿದ್ದರು, ಮಷ್ಣು ಮರಾಠಿಯಲ್ಲಿ ಏನೋ ಹೇಳುತ್ತಿದ್ದರು, ಸುಹಾಸಿನಿ ಮೊದಮೊದಲು ಇಬ್ಬರ ನಡುವೆ ಮಾತು ದಾಟಿಸುತ್ತಿದ್ದವರು ಆಮೇಲೆ ಸುಮ್ಮನಾದರು. ಇಬ್ಬರಿಗೂ ತಿಳಿಯುತ್ತಿತ್ತು. ಕತ್ತಲಾದ ಮೇಲೆ ಆಕಾಶನನ್ನು ಹೊರಗೆ ತಂದರು. ಉಸಿರಾಡುತ್ತಿದ್ದ. ಮುಂದೇನು ಎಂದು ಹೇಳಲಾಗದು ಎಂದರು ವೈದ್ಯರು.

ಕೆಲವು ದಿನಗಳ ಮೇಲೆ ಬಂಧುಗಳು ಬಂದು ಅವನನ್ನು ಪುಣೆಯ ಕಡೆ ಒಯ್ದರು ಎಂಬಷ್ಟು ಸುದ್ದಿ ಸುಹಾಸಿನಿಗೆ ಮುಟ್ಟಿತು. ಅಲ್ಲಿಗೆ ಅವರ ಕೆಲಸ ಮುಗಿದಿತ್ತು. ಹೆಚ್ಚಿನ ಸಲ ಹೀಗೆಯೇ. ಬಾಗಿಲವರೆಗೆ ಬಿಟ್ಟುಬರುತ್ತಾರೆ, ಒಳಗೆ ಹೋದವರ ಗತಿ ತಿಳಿಯುವುದಿಲ್ಲ. ಉಳಿದರೋ, ಹೋದರೋ ಎಂದು ಮನೆಯಲ್ಲಿ ಮಗಳು ಕೇಳಿದರೆ ಕೆಲವೊಮ್ಮೆ ಒಬ್ಬರ ಕಥೆ ಇನ್ನೊಬ್ಬರಿಗೆ ಸೇರಿಹೋಗುತ್ತದೆ. "ಎಲ್ಲಾ ಕಲಸಮೇಲೋಗರ ಆಗೇತ್ರಿ ತಲ್ಯಾಗ," ಎನ್ನುತ್ತಾರೆ.

ಆ ದಿನದ ತಪ್ಪು ಯಾರದು? ಈ ಪ್ರಶ್ನೆಯನ್ನು ಸುಹಾಸಿನಿ ತಮಗೇ ಬಹಳ ಸಲ ಕೇಳಿಕೊಂಡಿದ್ದಾರೆ. ಕರಡಿಗೆ ಎತ್ತಿ ಕಿಸೆಗೆ ಹಾಕಿದವನದಲ್ಲ, ಅವನು ಒಳ್ಳೆಯದನ್ನೇ ಮಾಡಿದ. ಮಗನದೆಂದು ಕೂಗಿದ ತಾಯಿಯದಲ್ಲ. ಯಾರನ್ನು ಮೊದಲು ಒಯ್ಯಬೇಕೆಂದು ಆರಿಸಿದ ವೈದ್ಯೆಯದಂತೂ ಅಲ್ಲ. ಹೆಸರು ತಪ್ಪಿತ್ತು, ಒಯ್ದದ್ದು ಸರಿಯಾದ ಹುಡುಗನನ್ನೇ. ಉತ್ತರ ಸಿಗದಿದ್ದಾಗ ಸುಹಾಸಿನಿ ಒಂದು ನೇಮ ಹಿಡಿದರು. ಇನ್ನು ಮುಂದೆ ಮನೆಯವರು ಮುಖ ನೋಡಿ, ಬಾಯಿ ಬಿಟ್ಟು ಹೌದು ಎನ್ನದೆ ಸ್ಟ್ರೆಚರ್ ಎತ್ತಬಾರದು.

ಡಾ. ಮೇಘಾ ಇದನ್ನು ಸುಲಭವಾಗಿ ಒಪ್ಪಲಿಲ್ಲ. "ಮೊದಲು ನನಗೆ ಸಿಟ್ಟು ಬರ್ತಿತ್ತು. ಅಲ್ಲಿ ಒಬ್ಬರ ಪ್ರಾಣ ಹೋಗ್ತಿರತದ, ಇವರು ಕೈ ಅಡ್ಡ ಹಿಡೀತಾರ," ಎನ್ನುತ್ತಾರೆ ಅವರು. "ಒಂದ್ಸಲ ತಳ್ಳಿಯೇ ಹೋದೆ. ಆ ರೋಗಿ ದಾರ್ಯಾಗ ತೀರಿಕೊಂಡರು. ಅವರ ಹೆಂಡತಿ ಕೆಳಗ ಹಗ್ಗದ ಹತ್ರಾನೇ ಇದ್ದರು, ಕಡೀ ಸಲ ಮುಖ ನೋಡಲಿಲ್ಲ. ಅಂದಿನಿಂದ ನಾನ ನಿಲ್ಲತೀನಿ. ಇದು ಸರಿಯೋ ತಪ್ಪೋ ನನಗಿನ್ನೂ ಗೊತ್ತಿಲ್ಲ. ಆದರ ನಿಲ್ಲತೀನಿ."

ಜೀಪು ಬೆಳಗಾವಿ ಮುಟ್ಟುತ್ತದೆ. ಬಾಣಂತಿಯ ಗಂಡ ಇಳಿದವನೇ ತಪ್ಪು ಬಾಗಿಲಿಗೆ ಓಡುತ್ತಾನೆ. ಸುಹಾಸಿನಿ ಅವನನ್ನು ಕರೆದು, ಅತ್ತೆಯ ಕೈಯಿಂದ ಕೂಸನ್ನು ಎತ್ತಿಕೊಂಡು, ಮೂರನೆಯ ಮಹಡಿಗೆ ಹತ್ತಿಸುತ್ತಾರೆ. ರಕ್ತ ನಿಂತಿದೆ ಎಂದು ಒಳಗಿನಿಂದ ನರ್ಸ್ ಬಂದು ಹೇಳುತ್ತಾರೆ. ಗಂಡನಿಗೆ ನಂಬಿಕೆ ಬರುವುದಿಲ್ಲ, "ನಮ್ಮಾಕಿದ ಹೇಳಾಕತ್ತಾರೇನ್ರಿ?" ಎಂದು ಸುಹಾಸಿನಿಯನ್ನು ಕೇಳುತ್ತಾನೆ. "ನಿಮ್ಮಾಕಿದ ರಿ. ಮಾರಿ ನೋಡೀರಿಲ್ಲ?" ಎನ್ನುತ್ತಾರೆ ಇವರು. ಅವನು ಗೋಡೆಗೆ ಒರಗಿ ಕುಳಿತುಕೊಳ್ಳುತ್ತಾನೆ.

ಹೊರಗೆ ಬಂದಾಗ ನಾನು ಆಕಾಶನ ಬಗ್ಗೆ ಮತ್ತೆ ಕೇಳುತ್ತೇನೆ. ಪುಣೆಗೆ ಒಯ್ದ ಮೇಲೆ ಏನೂ ತಿಳಿಯಲಿಲ್ಲವೇ?

ಸುಹಾಸಿನಿ ಹೋದ ತಿಂಗಳು ಸಾಮಾನು ತರಲು ರವಿವಾರ ಪೇಟೆಗೆ ಹೋಗಿದ್ದರಂತೆ. ಜನಜಂಗುಳಿಯಲ್ಲಿ ಒಬ್ಬ ಮನುಷ್ಯ ಎದುರು ಬಂದು, "ಬಾಯಿ, ಹಗ್ಗದ ಅಂಗಡಿ ಎಲ್ಲಿದೆ?" ಎಂದು ಮರಾಠಿಯಲ್ಲಿ ಕೇಳಿದ. ಮಷ್ಣು ಗಾವಡೆ. ನೇರ ಇವರ ಮುಖವನ್ನೇ ನೋಡುತ್ತಿದ್ದರು, ಅವರಿಗೆ ಗುರುತು ಹತ್ತಲಿಲ್ಲ. ಹಿಂದೆ ತಲೆಗೆ ಟೊಪ್ಪಿಗೆ ಹಾಕಿಕೊಂಡ, ತಲೆಯ ಪೆಟ್ಟಿನಿಂದಲೋ ಏನೋ ಒಂದು ಕಾಲು ತುಸು ಎಳೆಯುತ್ತಾ ನಡೆಯುವ ಹುಡುಗನಿದ್ದ. "ಬಾಬಾ, ಚಲಾ," ಅಪ್ಪಾ, ನಡೀರಿ ಎಂದು ಅವಸರ ಮಾಡುತ್ತಿದ್ದ. ಆ ಹುಡುಗನ ದನಿಯನ್ನು ಸುಹಾಸಿನಿ ಕೇಳಿದ್ದು ಅದೇ ಮೊದಲು. ಓಣಿ ತೋರಿಸಿದರು. ತಂದೆ ಮಗ ಹೋದರು. ತಾವು ಏನು ಕೊಳ್ಳಲು ಬಂದದ್ದು ಎಂಬುದು ಮರೆತುಹೋಗಿ ಸುಹಾಸಿನಿ ಬರಿಗೈಯಲ್ಲಿ ಮನೆಗೆ ಬಂದರು.

ಗುರುತು ಹೇಳಬಹುದಿತ್ತಲ್ಲ ಎನ್ನುತ್ತೇನೆ.

"ಎದಕ್ರಿ? ನಾ ಯಾರಂತ ಹೇಳಿದ್ರ ಅಂವಗ ಆ ದಿನಾ ಎಲ್ಲಾ ಹೊಳ್ಳಿ ಬರ್ತಿತ್ತು. ಆ ಚಹಾ, ಅಂವ ಕುಂತ ಆ ಪಾವಟಿಗಿ, ಎಲ್ಲಾ. ಬಾಜೂಕ ಮಗಾ ನಿಂತಾನ, ಬಾಬಾ ಅನ್ನಾಕತ್ತಾನ. ಅದರಾಗ ನನ್ನ ಕೆಲಸ ಏನೈತಿ?" ಸುಹಾಸಿನಿ ಸೆರಗಿನಿಂದ ಮುಖ ಒರೆಸಿಕೊಂಡು ಜೀಪಿನ ಬಾಗಿಲು ತೆರೆಯುತ್ತಾರೆ. "ನನ್ನ ಮಾರಿ ಮರತಾನಂದ್ರ ಮನ್ಯಾಗ ಎಲ್ಲಾ ಛಲೋ ಐತಿ ಅಂತ ಆತಲ್ರಿ. ಎಲ್ಲಾರೂ ಹಂಗ ಮರೀಲಿ. ನನಗ ಅಷ್ಟ ಸಾಕು."